ಹೊತ್ತವರಿಗೆ ಗೊತ್ತೇ?

ಗುಟ್ಟು ಕಾಪಾಡುವುದಕ್ಕೆ ಎರಡು ದಾರಿಗಳಿವೆ. ಒಂದು, ಪೆಟ್ಟಿಗೆಗೆ ಬೀಗ ಹಾಕುವುದು. ಇನ್ನೊಂದು, ಪೆಟ್ಟಿಗೆಯೇ ಇಲ್ಲ ಎನ್ನುವ ಹಾಗೆ ಇಟ್ಟುಬಿಡುವುದು. ಮೊದಲನೆಯದನ್ನು ನಮ್ಮ ವೃತ್ತಿಯಲ್ಲಿ ಎನ್‌ಕ್ರಿಪ್ಶನ್ ಎನ್ನುತ್ತೇವೆ. ಎರಡನೆಯದರ ಹೆಸರು ಸ್ಟೆಗನೋಗ್ರಫಿ. ಗ್ರೀಕ್ ಮೂಲದ ಈ ಪದಕ್ಕೆ ‘ಮುಚ್ಚಿದ ಬರಹ’ ಎಂದು ಅರ್ಥ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಮೊದಲನೆಯದು ಚೆನ್ನಾಗಿ ರೂಢಿಯಾಗಿದೆ. ಪುಣೆಯ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವಾಕೆಯ ಎದುರಿಗೇ ನಿಂತು ‘ಜಾಸ್ತಿ ಹೇಳ್ತಿದಾಳೆ, ಮುಂದೆ ಹೋಗೋಣ ಬಾ’ ಎಂದು ಹೆಂಡತಿಗೆ ಕನ್ನಡದಲ್ಲಿ ಹೇಳುವಾಗ ನಾವು ಮಾಡುತ್ತಿರುವುದು ಬೀಗ ಹಾಕುವ ಕೆಲಸವನ್ನೇ. ಇವರಿಬ್ಬರು ಏನೋ ಗುಟ್ಟು ಮಾತಾಡುತ್ತಿದ್ದಾರೆ ಎಂಬುದು ಆಕೆಗೆ ಗೊತ್ತು, ಅದು ಏನೆಂಬುದಷ್ಟೇ ಗೊತ್ತಿಲ್ಲ. ಆಕೆ ಸೊಲ್ಲಾಪುರದ ಕಡೆಯವಳಾಗಿದ್ದರೆ ‘ಜಾಸ್ತಿ ಏನಿಲ್ರಿ ಅಕ್ಕಾರ, ತಗೋರಿ’ ಎಂದು ನಮ್ಮದಕ್ಕಿಂತ ಗಟ್ಟಿಯಾದ ಕನ್ನಡದಲ್ಲಿ ಉತ್ತರ ಬರುವುದೂ ಉಂಟು. ಬೀಗ ಎಂದಮೇಲೆ ಎಲ್ಲೋ ಇನ್ನೊಂದು ಕೀಲಿಕೈ ಇದ್ದೇ ಇರುತ್ತದೆ.

ಎರಡನೆಯ ದಾರಿಯಲ್ಲಿ ಎದುರಿಗಿರುವವರಿಗೆ ಗುಟ್ಟು ಇದೆ ಎಂಬುದೇ ತಿಳಿಯುವುದಿಲ್ಲ. ಅವರು ನೋಡುವುದು ಹಬ್ಬದ ಶುಭಾಶಯದ ಚಿತ್ರವನ್ನು. ಅದರೊಳಗೆ ಬೇರೊಬ್ಬರಿಗೆ ಬರೆದ ಪತ್ರವಿರುತ್ತದೆ. ಎಂಟೆಕ್ ಓದುವಾಗ ನನಗೆ ಇದು ಬರೀ ಗಣಿತವಾಗಿತ್ತು. ಎಷ್ಟು ಬಿಟ್ ಹಿಡಿಸುತ್ತದೆ, ಎಷ್ಟು ಸದ್ದಿಲ್ಲದೆ ಹಿಡಿಸುತ್ತದೆ ಎಂಬ ಲೆಕ್ಕ. ಈಗ ನಲವತ್ತು ದಾಟಿ, ಇತರರ ಕೆಲಸ ನೋಡಿಕೊಳ್ಳುವ ಕೆಲಸದಲ್ಲಿರುವಾಗ ಅದೇ ವಿಷಯ ಬೇರೆ ಪ್ರಶ್ನೆಯಾಗಿ ಎದುರು ನಿಂತಿದೆ. ಹೀಗೆ ಮುಚ್ಚಿಡುವುದು ಸರಿಯೇ? ಯಾವಾಗ ಸರಿ, ಯಾವಾಗ ತಪ್ಪು? ಅದನ್ನು ನಿರ್ಧರಿಸಲು ಏನನ್ನು ನೋಡಬೇಕು?

ಮೊದಲು ಇದು ನಡೆಯುವ ಬಗೆ ತಿಳಿದುಕೊಳ್ಳೋಣ. ಕಂಪ್ಯೂಟರಿನ ಮಟ್ಟಿಗೆ ಚಿತ್ರವೆಂದರೆ ಅಂಕಿಗಳನ್ನು ತುಂಬಿದ ದೊಡ್ಡ ಚೌಕ. ಪ್ರತಿ ಚುಕ್ಕೆಗೂ, ಅಂದರೆ ಪಿಕ್ಸೆಲ್ಲಿಗೂ, ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳು. ಒಂದೊಂದೂ 0ಯಿಂದ 255ರವರೆಗೆ ಇರಬಹುದು. ಮಾವಿನ ಎಲೆಯ ಒಂದು ಚುಕ್ಕೆಯಲ್ಲಿ ಹಸಿರು 150 ಇದ್ದದ್ದು 151 ಆದರೆ ಯಾವ ಕಣ್ಣಿಗೂ ಅದು ತಿಳಿಯುವುದಿಲ್ಲ. ಈಗ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಳ್ಳೋಣ: ಅಂಕಿ ಸಮಸಂಖ್ಯೆಯಾದರೆ ಅದನ್ನು ಸೊನ್ನೆ ಎಂದು ಓದುವುದು, ಬೆಸವಾದರೆ ಒಂದು ಎಂದು. ಅಷ್ಟೇ. ನನಗೆ ಸೊನ್ನೆ ಬೇಕಾದಲ್ಲಿ ಅಂಕಿಯನ್ನು ಸಮ ಮಾಡುತ್ತೇನೆ, ಒಂದು ಬೇಕಾದಲ್ಲಿ ಬೆಸ ಮಾಡುತ್ತೇನೆ. ಎಲೆ ಹಸಿರಾಗಿಯೇ ಇರುತ್ತದೆ, ಅದರೊಳಗೆ ಸೊನ್ನೆ ಒಂದುಗಳ ಸಾಲು ಹರಿಯುತ್ತದೆ.

ಇದರ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್, ಅಂದರೆ 24 ಬಿಟ್ ಬೇಕು. ಒಂದು ಚುಕ್ಕೆಯ ಮೂರು ಅಂಕಿಗಳಲ್ಲಿ ಮೂರು ಬಿಟ್ ಅಡಗುವುದರಿಂದ ‘ಕ’ ಎಂಬ ಅಕ್ಷರಕ್ಕೆ 8 ಚುಕ್ಕೆ ಸಾಕು. ‘ಕ್ಷ’ ಎಂದರೆ ಕ, ಹಲಂತ, ಷ ಎಂದು ಮೂರು ಚಿಹ್ನೆ, ಅದಕ್ಕೆ 24 ಚುಕ್ಕೆ. ಅಡ್ಡಕ್ಕೆ 1000, ಉದ್ದಕ್ಕೆ 1000 ಚುಕ್ಕೆಗಳಿರುವ ಸಾಧಾರಣ ಚಿತ್ರದಲ್ಲಿ 1,25,000 ಕನ್ನಡ ಚಿಹ್ನೆಗಳು ಹಿಡಿಸುತ್ತವೆ. ಒಂದು ಸಣ್ಣ ಕಾದಂಬರಿಯನ್ನು ಒಂದು ಗಣಪತಿಯ ಚಿತ್ರದೊಳಗೆ ಇಡಬಹುದು. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಮತ್ತೆ ಕುಗ್ಗಿಸುವುದರಿಂದ ಇಂಥ ಬರಹ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ಕುಗ್ಗಿಸಿದರೂ ಉಳಿಯುವಂಥ ವಿಧಾನಗಳೂ ಇವೆ. ಹುಡುಕುವವರೂ ಸುಮ್ಮನೆ ಕುಳಿತಿಲ್ಲ. ಕಣ್ಣಿಗೆ ಕಾಣದ್ದು ಸಂಖ್ಯಾಶಾಸ್ತ್ರಕ್ಕೆ ಕಾಣುತ್ತದೆ. ಸಹಜವಾದ ಚಿತ್ರದಲ್ಲಿ ಅಂಕಿಗಳು ಹಂಚಿಕೆಯಾಗುವ ಬಗೆಯೇ ಬೇರೆ, ಬರಹ ತುಂಬಿದ ಚಿತ್ರದಲ್ಲಿ ಹಂಚಿಕೆಯಾಗುವ ಬಗೆಯೇ ಬೇರೆ.

ಈ ವಿದ್ಯೆ ಕಂಪ್ಯೂಟರಿಗಿಂತ ಎರಡು ಸಾವಿರ ವರ್ಷಕ್ಕೂ ಹಳೆಯದು. ಹೆರೊಡೋಟಸ್ ಹೇಳುವ ಕಥೆಯೊಂದನ್ನು ಈ ವಿಷಯದ ಪ್ರತಿಯೊಂದು ಪಠ್ಯಪುಸ್ತಕವೂ ಮೊದಲ ಅಧ್ಯಾಯದಲ್ಲಿ ಹೇಳುತ್ತದೆ. ಪರ್ಷಿಯಾದ ದೊರೆ ಡೇರಿಯಸ್ಸನ ಆಸ್ಥಾನದಲ್ಲಿ, ಸೂಸಾದಲ್ಲಿ, ಹಿಸ್ಟಿಯೇಯಸ್ ಎಂಬ ಗ್ರೀಕ್ ನಾಯಕ ಸಿಕ್ಕಿಕೊಂಡಿದ್ದ. ದೂರದ ಮಿಲೆಟಸ್ಸಿನಲ್ಲಿದ್ದ ತನ್ನ ಅಳಿಯ ಅರಿಸ್ಟಾಗೊರಾಸನಿಗೆ ‘ದಂಗೆ ಎಬ್ಬಿಸು’ ಎಂದು ತಿಳಿಸಬೇಕಿತ್ತು. ದಾರಿಯುದ್ದಕ್ಕೂ ಕಾವಲು. ತನ್ನ ಅತ್ಯಂತ ನಂಬಿಕೆಯ ಗುಲಾಮನೊಬ್ಬನ ತಲೆ ಬೋಳಿಸಿದ, ನೆತ್ತಿಯ ಮೇಲೆ ಸಂದೇಶವನ್ನು ಹಚ್ಚೆಯಾಗಿ ಚುಚ್ಚಿದ, ಕೂದಲು ಬೆಳೆಯುವವರೆಗೂ ಕಾದ, ಆಮೇಲೆ ಕಳಿಸಿದ. ಗುಲಾಮನಿಗೆ ಹೇಳಿದ್ದು ಒಂದೇ ಮಾತು: ಅಲ್ಲಿ ತಲುಪಿದ ಮೇಲೆ ತಲೆ ಬೋಳಿಸಿ ನೋಡುವಂತೆ ಅರಿಸ್ಟಾಗೊರಾಸನಿಗೆ ತಿಳಿಸು.

ತರಗತಿಯಲ್ಲಿ ಈ ಕಥೆ ಕೇಳಿ ನಾವೆಲ್ಲ ನಕ್ಕಿದ್ದೆವು. ಸಂದೇಶ ಮುಟ್ಟುವುದಕ್ಕೆ ಆಗುವ ತಡ ಎಷ್ಟು, ಒಂದು ತಲೆಯಲ್ಲಿ ಎಷ್ಟು ಅಕ್ಷರ ಹಿಡಿಸುತ್ತದೆ ಎಂದೆಲ್ಲ ಲೆಕ್ಕ ಹಾಕಿದ್ದೆವು. ಇತ್ತೀಚೆಗೆ ಆ ಕಥೆ ನೆನಪಾದಾಗಲೆಲ್ಲ ಹಿಸ್ಟಿಯೇಯಸ್ಸನಾಗಲಿ ಅವನ ಅಳಿಯನಾಗಲಿ ನೆನಪಾಗುವುದಿಲ್ಲ. ಆ ತಲೆ ಯಾರದು ಎಂಬುದು ನೆನಪಾಗುತ್ತದೆ. ಹೆರೊಡೋಟಸ್ ಅವನ ಹೆಸರು ಬರೆದಿಲ್ಲ.

ಅದನ್ನು ಸ್ವಲ್ಪ ಹೊತ್ತು ಅಲ್ಲೇ ಬಿಟ್ಟು, ಸಾಮಾನ್ಯವಾಗಿ ಎಲ್ಲರೂ ಎತ್ತುವ ಪ್ರಶ್ನೆಗೆ ಬರೋಣ. ಹೀಗೆ ಅಡಗಿಸುವುದು ಸುಳ್ಳಲ್ಲವೇ? ಬೀಗ ಹಾಕಿದವನು ಕನಿಷ್ಠ ‘ನನ್ನಲ್ಲಿ ಗುಟ್ಟಿದೆ, ಹೇಳುವುದಿಲ್ಲ’ ಎಂದು ಮುಖಕ್ಕೆ ಹೇಳುತ್ತಾನೆ. ಚಿತ್ರದೊಳಗೆ ಬರೆಯುವವನು ‘ನನ್ನಲ್ಲಿ ಏನೂ ಇಲ್ಲ’ ಎಂಬ ಭಾವನೆ ಹುಟ್ಟಿಸುತ್ತಾನೆ. ಮೊದಲನೆಯವನು ಮೌನಿ, ಎರಡನೆಯವನು ವಂಚಕ ಎಂದು ತೀರ್ಪು ಕೊಡುವುದು ಸುಲಭ.

ಆದರೆ ಬೀಗ ಹಾಕುವ ಸ್ವಾತಂತ್ರ್ಯ ಎಲ್ಲರಿಗೂ ಇರುವುದಿಲ್ಲ. 1983ರಲ್ಲಿ ಗುಸ್ತಾವಸ್ ಸಿಮನ್ಸ್ ಎಂಬ ಗಣಿತಜ್ಞ ಈ ಶಾಸ್ತ್ರಕ್ಕೆ ತಳಪಾಯವಾದ ಒಂದು ಒಗಟನ್ನು ಮುಂದಿಟ್ಟ. ಇಬ್ಬರು ಕೈದಿಗಳು ಬೇರೆ ಬೇರೆ ಕೋಣೆಗಳಲ್ಲಿದ್ದಾರೆ. ಪತ್ರ ಬರೆದುಕೊಳ್ಳಬಹುದು, ಆದರೆ ಪ್ರತಿ ಪತ್ರವನ್ನೂ ಜೈಲರ್ ಓದುತ್ತಾನೆ. ಅರ್ಥವಾಗದ ಅಕ್ಷರ ಕಂಡರೆ ಪತ್ರವ್ಯವಹಾರವೇ ಬಂದ್. ಅಲ್ಲಿ ಬೀಗವೇ ಅಪರಾಧ. ಗಮನಿಸಿ, ಈ ಶಾಸ್ತ್ರದ ಮೂಲ ಚಿತ್ರದಲ್ಲೇ ಒಂದು ಜೈಲಿದೆ.

ಅಂಥ ಜೈಲುಗಳು ಪುಸ್ತಕದಲ್ಲಿ ಮಾತ್ರ ಇಲ್ಲ. ಗಂಡ ದಿನವೂ ರಾತ್ರಿ ಹೆಂಡತಿಯ ಫೋನ್ ತೆಗೆದು ನೋಡುವ ಮನೆಗಳಿವೆ. ಅಲ್ಲಿ ಫೋನಿಗೆ ಪಾಸ್‌ವರ್ಡ್ ಹಾಕಿದಳು ಎಂಬುದೇ ಏಟು ತಿನ್ನಲು ಸಾಕಾದ ಕಾರಣ. ಅಂಥವಳು ತವರಿಗೆ ಕಳಿಸಿದ ಮಗುವಿನ ಫೋಟೋದೊಳಗೆ ‘ಬಂದು ಕರಕೊಂಡು ಹೋಗು’ ಎಂದು ಅಡಗಿಸಿದರೆ ಅದನ್ನು ವಂಚನೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ನಮ್ಮ ಕಾನೂನಿನಲ್ಲೂ ಈ ಎಳೆದಾಟವಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಇನ್ನೊಂದೆಡೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೇ ಕಲಮಿನ ಪ್ರಕಾರ, ಅಧಿಕಾರವುಳ್ಳ ಸಂಸ್ಥೆ ಆದೇಶಿಸಿದಾಗ ಬೀಗ ತೆಗೆಯಲು ನೆರವಾಗದವರಿಗೆ 7 ವರ್ಷದವರೆಗೆ ಸೆರೆವಾಸ. ಎರಡೂ ನಮ್ಮದೇ ನೆಲದ ಕಾನೂನುಗಳು.

ಇಂಥ ಅಡಗಿಸುವಿಕೆಗೆ ನಮ್ಮ ಬಳಿ ಇರುವ ಅತ್ಯಂತ ಗೌರವದ ಉದಾಹರಣೆ ವಿದುರನದು. ಪಾಂಡವರು ವಾರಣಾವತಕ್ಕೆ ಹೊರಟಿದ್ದಾರೆ. ಬೀಳ್ಕೊಡಲು ಊರಿಗೆ ಊರೇ ಸೇರಿದೆ. ವಿದುರ ಎಲ್ಲರ ಎದುರಿಗೇ ಧರ್ಮರಾಯನಿಗೆ ಒಗಟಿನ ಹಾಗಿರುವ ನಾಲ್ಕು ಮಾತು ಹೇಳುತ್ತಾನೆ. ಲೋಹದಿಂದ ಮಾಡದ ಆಯುಧವೂ ಉಂಟು, ಕಾಡು ಸುಡುವ ಬೆಂಕಿ ಬಿಲದಲ್ಲಿರುವವರನ್ನು ಸುಡದು, ನಕ್ಷತ್ರ ನೋಡಿ ದಿಕ್ಕು ತಿಳಿಯಬಹುದು ಎಂಬ ಅರ್ಥದ ಮಾತುಗಳು. ‘ಅರ್ಥವಾಯಿತು’ ಎನ್ನುತ್ತಾನೆ ಧರ್ಮರಾಯ. ಪಕ್ಕದಲ್ಲೇ ಇದ್ದ ಕುಂತಿಗೆ ತಿಳಿಯದೆ, ಆಮೇಲೆ ‘ಏನಪ್ಪಾ ಹೇಳಿದ್ದು’ ಎಂದು ಕೇಳುತ್ತಾಳೆ. ಅರಗಿನ ಮನೆಯ ಸಂಚು, ತಪ್ಪಿಸಿಕೊಳ್ಳುವ ಸುರಂಗ, ಓಡಬೇಕಾದ ದಾರಿ, ಎಲ್ಲವೂ ಆ ಬೀಳ್ಕೊಡುಗೆಯ ಮಾತಿನೊಳಗಿದ್ದವು.

ಇದಕ್ಕೆ ಎದುರಾಗಿ ಅದೇ ಧರ್ಮರಾಯ ಮುಂದೆ ಆಡಿದ ಮಾತನ್ನಿಡಿ. ಅಶ್ವತ್ಥಾಮ ಸತ್ತನೇ ಎಂದು ದ್ರೋಣ ಕೇಳುತ್ತಾನೆ. ಸತ್ತ ಎಂದು ಗಟ್ಟಿಯಾಗಿ, ಆನೆ ಎಂದು ಮೆಲ್ಲಗೆ. ಇಲ್ಲೂ ಮಾತಿನೊಳಗೆ ಒಂದು ಪದ ಅಡಗಿದೆ, ಆಡಿದ್ದರಲ್ಲಿ ಸುಳ್ಳಿಲ್ಲ. ಆದರೂ ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ಅಂದು ಕೆಳಗಿಳಿಯಿತು ಎನ್ನುತ್ತದೆ ಕಥೆ. ವ್ಯತ್ಯಾಸ ಎಲ್ಲಿದೆ? ದ್ರೋಣ ನೇರವಾಗಿ ಕೇಳಿದ್ದ. ಎಲ್ಲರನ್ನೂ ಬಿಟ್ಟು ಇವನನ್ನೇ ಕೇಳಿದ್ದು, ಇವನು ಸುಳ್ಳಾಡುವುದಿಲ್ಲ ಎಂಬ ನಂಬಿಕೆಯಿಂದ. ನಮ್ಮ ಶಾಸ್ತ್ರದಲ್ಲಿ ಗುಟ್ಟನ್ನು ಹೊರುವ ಚಿತ್ರಕ್ಕೆ ಕವರ್ ಇಮೇಜ್ ಎನ್ನುತ್ತೇವೆ. ಅಂದು ಧರ್ಮರಾಯ ಕವರ್ ಮಾಡಿಕೊಂಡದ್ದು ದ್ರೋಣ ತನ್ನ ಮೇಲಿಟ್ಟ ನಂಬಿಕೆಯನ್ನು.

ಹಾಗಾದರೆ ವಿದ್ಯೆಯಲ್ಲಿ ತಪ್ಪಿಲ್ಲ, ಬಳಸುವವರಲ್ಲಿ ಇದೆ, ಚಾಕು ವೈದ್ಯರ ಕೈಯಲ್ಲೂ ಇರುತ್ತದೆ, ಕೊಲೆಗಾರನ ಕೈಯಲ್ಲೂ ಇರುತ್ತದೆ ಎಂದು ಮಾತು ಮುಗಿಸಬಹುದು. ನಮ್ಮ ವೃತ್ತಿಯವರು ಪ್ರತಿಯೊಂದಕ್ಕೂ ಈ ಚಾಕುವಿನ ಉದಾಹರಣೆ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಉದಾಹರಣೆಗಳೂ ಎರಡೂ ಕಡೆ ಸಿಗುತ್ತವೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರೊಬ್ಬನನ್ನು 2018ರ ಆಗಸ್ಟಿನಲ್ಲಿ ಬಂಧಿಸಿದರು. ಕಂಪನಿಯ ಟರ್ಬೈನುಗಳಿಗೆ ಸಂಬಂಧಿಸಿದ ಕಡತಗಳನ್ನು ಸೂರ್ಯಾಸ್ತದ ಚಿತ್ರವೊಂದರೊಳಗೆ ಸೇರಿಸಿ ತನ್ನದೇ ಖಾಸಗಿ ಈಮೇಲಿಗೆ ಕಳಿಸಿದ್ದ ಎಂಬುದು ಆರೋಪ. ಆರ್ಥಿಕ ಗೂಢಚರ್ಯೆಯ ಸಂಚು ನಡೆಸಿದ್ದಕ್ಕೆ 2022ರಲ್ಲಿ ಅವನು ಅಪರಾಧಿ ಎಂದು ತೀರ್ಮಾನವಾಯಿತು, ಮರುವರ್ಷ ಎರಡು ವರ್ಷಗಳ ಶಿಕ್ಷೆಯಾಯಿತು. ಸುದ್ದಿ ಓದಿದಾಗ ನನಗೆ ಇರುಸುಮುರುಸಾದದ್ದು ಬೇರೆ ಕಾರಣಕ್ಕೆ. ಯಜಮಾನನ ಮನೆಯ ಗುಟ್ಟನ್ನು ಹೊರಗೆ ದಾಟಿಸಿದ್ದು ಎಂದು ನೋಡಿದರೆ ವಿದುರನೂ ಮಾಡಿದ್ದು ಅದನ್ನೇ. ಅವನೂ ಧೃತರಾಷ್ಟ್ರನ ಆಸ್ಥಾನದ ಮಂತ್ರಿ, ಅಲ್ಲಿಯ ಅನ್ನ ಉಂಡವನು.

ಇಬ್ಬರನ್ನೂ ಬೇರೆ ಮಾಡುವುದು ಏನು ಎಂದು ಯೋಚಿಸಿದಾಗ ಮೊದಲು ಹೊಳೆದದ್ದು, ಒಳಗಿರುವ ಗುಟ್ಟು ಯಾರಿಗೆ ಸೇರಿದ್ದು ಎಂಬುದು. ಅರಗಿನ ಮನೆಯ ಗುಟ್ಟು ದುರ್ಯೋಧನನ ಆಸ್ತಿಯಾಗಿರಲಿಲ್ಲ. ಒಬ್ಬರನ್ನು ಸುಡುವ ಸಂಚು ಸುಡಲ್ಪಡುವವರಿಗೆ ತಿಳಿಯಬೇಕಾದ ವಿಷಯ. ಟರ್ಬೈನಿನ ಕಡತ ಹಾಗಲ್ಲ. ಅದು ಅನೇಕರು ವರ್ಷಗಟ್ಟಲೆ ದುಡಿದು ಮಾಡಿದ್ದು, ಮಾರಿ ತಿನ್ನಲು ಅವನೊಬ್ಬನದಲ್ಲ. ಇಷ್ಟರಮಟ್ಟಿಗೆ ಚಾಕುವಿನ ವಾದ ಸಾಕು.

ಆದರೆ ಚಾಕುವಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಚಾಕುವಿಗೆ ಹಿಡಿದವರು ಒಬ್ಬರು, ಎದುರಿಗಿರುವವರು ಒಬ್ಬರು, ಇಬ್ಬರು ಸಾಕು. ಈ ವಿದ್ಯೆಗೆ ಮೂರನೆಯವರು ಬೇಕೇ ಬೇಕು. ಬರೆಯುವವರು, ಓದುವವರು, ಇವರಿಬ್ಬರ ನಡುವೆ ಹೊರುವವರು. ಅದು ಒಂದು ಚಿತ್ರವಾಗಿರಬಹುದು, ಚಿತ್ರದಲ್ಲಿರುವ ಮುಖವಾಗಿರಬಹುದು, ಕೂದಲು ಬೆಳೆಸಿಕೊಂಡ ತಲೆಯಾಗಿರಬಹುದು. ಈ ಶಾಸ್ತ್ರದ ಪುಸ್ತಕಗಳಲ್ಲಿ ಬರೆಯುವವರ ಬಗ್ಗೆ, ಓದುವವರ ಬಗ್ಗೆ, ಕದ್ದು ನೋಡುವ ಜೈಲರಿನ ಬಗ್ಗೆ ಅಧ್ಯಾಯಗಳಿವೆ. ಹೊರುವುದರ ಬಗ್ಗೆ ಇರುವುದು ಒಂದೇ ಪ್ರಶ್ನೆ: ಅದರಲ್ಲಿ ಎಷ್ಟು ಹಿಡಿಸುತ್ತದೆ? ಇನ್ನೊಂದು ಪ್ರಶ್ನೆ ಅಲ್ಲಿ ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಹೊತ್ತವರಿಗೆ ಗೊತ್ತೇ?

ಈ ಪ್ರಶ್ನೆ ಹಿಡಿದು ನೋಡಿದರೆ ಬಹಳಷ್ಟು ಸಂಗತಿಗಳು ಬೇರೆಯಾಗಿ ಕಾಣುತ್ತವೆ. ಮೊದಲನೆಯದಾಗಿ ಲೆನಾಳ ಚಿತ್ರ. ನನ್ನ ಕಾಲದಲ್ಲಿ ಇಮೇಜ್ ಪ್ರಾಸೆಸಿಂಗ್ ಓದಿದ ಯಾರನ್ನೇ ಕೇಳಿ, ಆ ಮುಖ ಗೊತ್ತಿರುತ್ತದೆ. ಗರಿಯ ಅಲಂಕಾರವಿರುವ ಹ್ಯಾಟು ತೊಟ್ಟು, ಬರಿಯ ಭುಜದ ಮೇಲಿಂದ ಹಿಂತಿರುಗಿ ನೋಡುವ ಹೆಣ್ಣುಮಗಳು. ಅಡ್ಡ 512, ಉದ್ದ 512 ಚುಕ್ಕೆ. ಚಿತ್ರ ಕುಗ್ಗಿಸುವ ಹೊಸ ವಿಧಾನವಿರಲಿ, ಚಿತ್ರದೊಳಗೆ ಬರಹ ಅಡಗಿಸುವ ಹೊಸ ವಿಧಾನವಿರಲಿ, ಮೊದಲು ಪರೀಕ್ಷೆ ನಡೆಯುತ್ತಿದ್ದುದು ಆ ಮುಖದ ಮೇಲೆ. ‘ಅಡಗಿಸುವ ಮೊದಲು’, ‘ಅಡಗಿಸಿದ ನಂತರ’ ಎಂದು ಪಕ್ಕಪಕ್ಕದಲ್ಲಿ ಎರಡು ಲೆನಾ ಇಲ್ಲದ ಪ್ರಬಂಧವೇ ಅಪರೂಪ ಎನ್ನುವಷ್ಟು ಅದು ಸಾಮಾನ್ಯವಾಗಿತ್ತು.

ಆ ಚಿತ್ರ ಬಂದದ್ದು ಪ್ಲೇಬಾಯ್ ಪತ್ರಿಕೆಯ 1972ರ ನವೆಂಬರ್ ಸಂಚಿಕೆಯಿಂದ. 1973ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅಲೆಕ್ಸಾಂಡರ್ ಸಾವ್‌ಚುಕ್ ಮತ್ತು ಜೊತೆಗಾರರಿಗೆ ಸ್ಕ್ಯಾನ್ ಮಾಡಲು ಒಂದು ಚಿತ್ರ ಬೇಕಾಗಿತ್ತು. ಯಾರೋ ಆ ಪತ್ರಿಕೆ ಹಿಡಿದು ಒಳಗೆ ಬಂದರು. ಪುಟದ ಮೇಲಿನ ಭಾಗವನ್ನಷ್ಟೇ ಸ್ಕ್ಯಾನ್ ಮಾಡಿದರು. ಚಿತ್ರದಲ್ಲಿದ್ದಾಕೆ ಸ್ವೀಡನ್ನಿನ ಲೆನಾ ಫೋರ್ಸೆನ್. ಆಕೆ ದುಡ್ಡು ಪಡೆದು, ಒಪ್ಪಿ, ಪೋಸ್ ಕೊಟ್ಟದ್ದು ಒಂದು ಪತ್ರಿಕೆಗೆ. ಜಗತ್ತಿನ ಎಂಜಿನಿಯರುಗಳೆಲ್ಲ ತಮ್ಮ ಅಂಕಿಗಳನ್ನು ತನ್ನ ಮುಖದಲ್ಲಿ ಹುದುಗಿಸುತ್ತಿದ್ದಾರೆ ಎಂಬುದು ಆಕೆಗೆ ವರ್ಷಾನುಗಟ್ಟಲೆ ತಿಳಿದಿರಲಿಲ್ಲ. 1997ರಲ್ಲಿ ಆಕೆಯನ್ನು ಬಾಸ್ಟನ್ನಿನ ಸಮ್ಮೇಳನವೊಂದಕ್ಕೆ ಕರೆಸಿದರು, ಎಂಜಿನಿಯರುಗಳು ಜೊತೆ ನಿಂತು ಫೋಟೋ ತೆಗೆಸಿಕೊಂಡರು. 2019ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಆಕೆ, ಮಾಡೆಲಿಂಗಿನಿಂದ ಎಂದೋ ನಿವೃತ್ತಳಾದೆ, ಈ ತಂತ್ರಜ್ಞಾನದಿಂದಲೂ ನಿವೃತ್ತಿ ಬೇಕು ಎಂಬ ಅರ್ಥದಲ್ಲಿ ಮಾತಾಡಿದಳು. ಐಇಇಇ ಕಂಪ್ಯೂಟರ್ ಸೊಸೈಟಿ ಆ ಚಿತ್ರವಿರುವ ಹೊಸ ಪ್ರಬಂಧಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿದ್ದು 2024ರ ಏಪ್ರಿಲ್ 1ರಿಂದ. ಹಿಸ್ಟಿಯೇಯಸ್ಸನ ಗುಲಾಮ ಒಂದು ಸಂದೇಶ ಹೊತ್ತ. ಈಕೆ ಸುಮಾರು ಐವತ್ತು ವರ್ಷ ಹೊತ್ತಳು.

‘ಅದರಿಂದ ಆಕೆಗೆ ಏನು ನಷ್ಟವಾಯಿತು’ ಎಂದು ಕೇಳುವವರಿದ್ದಾರೆ. ನಷ್ಟದ ಲೆಕ್ಕ ಬೇಕೆಂದರೆ ಬೇರೆ ಉದಾಹರಣೆಗಳಿವೆ. 2016ರ ಡಿಸೆಂಬರಿನಲ್ಲಿ ಇಸೆಟ್ ಎಂಬ ಭದ್ರತಾ ಕಂಪನಿ ಒಂದು ದಾಳಿಯನ್ನು ಬಯಲಿಗೆ ತಂದಿತು. ಸುದ್ದಿ ತಾಣಗಳಲ್ಲಿ ಬರುವ ಜಾಹೀರಾತಿನ ಚಿತ್ರಗಳಲ್ಲಿ, ಪ್ರತಿ ಚುಕ್ಕೆ ಎಷ್ಟು ಪಾರದರ್ಶಕ ಎಂದು ಹೇಳುವ ಅಂಕಿಯಲ್ಲಿ, ಹಾನಿ ಮಾಡುವ ಕೋಡ್ ಅಡಗಿಸಿದ್ದರು. ನೋಡುವವರು ಅದರ ಮೇಲೆ ಕ್ಲಿಕ್ ಮಾಡುವ ಅಗತ್ಯವೂ ಇರಲಿಲ್ಲ. ಜಾಹೀರಾತು ತೋರಿಸಿದ ಪತ್ರಿಕೆಗೆ ತಾನು ಏನು ಹೊತ್ತು ತಂದೆ ಎಂದು ಗೊತ್ತಿರಲಿಲ್ಲ, ಪತ್ರಿಕೆಯನ್ನು ನಂಬಿ ಓದಲು ಬಂದವರಿಗೂ ಗೊತ್ತಿರಲಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಆಫೀಸಿನ ಕಲರ್ ಪ್ರಿಂಟರ್. ಹಲವು ಕಲರ್ ಲೇಸರ್ ಪ್ರಿಂಟರುಗಳು ಪ್ರತಿ ಹಾಳೆಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕೆಗಳನ್ನು ಹಾಕುತ್ತವೆ. 2005ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನವರು ಜೆರಾಕ್ಸ್‌ನ ಒಂದು ಮಾದರಿಯ ಚುಕ್ಕೆಗಳನ್ನು ಓದಿ ತೋರಿಸಿದರು. ಅದರಲ್ಲಿದ್ದದ್ದು ಪ್ರಿಂಟರಿನ ಸೀರಿಯಲ್ ನಂಬರು, ಮುದ್ರಿಸಿದ ದಿನಾಂಕ, ವೇಳೆ. ಮಗಳ ಸ್ಕೂಲ್ ಪ್ರಾಜೆಕ್ಟಿಗೆಂದು ನೀವು ಮುದ್ರಿಸಿದ ಕಾಮನಬಿಲ್ಲಿನಲ್ಲೂ ಅದು ಇರಬಹುದು. ಕ್ಯಾಮೆರಾಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಫೋನಿನಲ್ಲಿ ತೆಗೆದ ಫೋಟೋದ ಜೊತೆ ನಿಮ್ಮ ಮನೆಯ ಅಕ್ಷಾಂಶ ರೇಖಾಂಶಗಳೂ ಕುಳಿತಿರುತ್ತವೆ. ಗುಟ್ಟು ಬರೆಯುವವರು ಬೇಹುಗಾರರು, ನಾವು ಬರೀ ನೋಡುವವರು ಎಂದುಕೊಂಡಿದ್ದೆವು. ನಾವು ಹೊರುವವರಾಗಿ ಎಷ್ಟೋ ಕಾಲವಾಗಿದೆ.

ಇದು ನನ್ನ ಕೆಲಸದ ಮೇಜಿಗೇ ಬಂದದ್ದು ಕೆಲವು ವರ್ಷಗಳ ಹಿಂದೆ. ಆಗ ನಾನಿದ್ದ ಕಂಪನಿಯಲ್ಲಿ ಗ್ರಾಹಕರೊಬ್ಬರ ಮಾಹಿತಿಯಿದ್ದ ಸ್ಕ್ರೀನಿನ ಫೋಟೋ ಎಲ್ಲಿಂದಲೋ ಸೋರಿತು. ಯಾರು ತೆಗೆದದ್ದು ಎಂದು ಗೊತ್ತಾಗಲಿಲ್ಲ. ಅದಕ್ಕೆ ಪರಿಹಾರವಾಗಿ ಒಂದು ಸಾಫ್ಟ್‌ವೇರ್ ತರುವ ಮಾತು ಬಂತು. ಪ್ರತಿಯೊಬ್ಬರ ಲ್ಯಾಪ್‌ಟಾಪಿನ ಸ್ಕ್ರೀನಿನಲ್ಲೂ ಅದು ಅವರ ನೌಕರ ಸಂಖ್ಯೆಯನ್ನು ಕಣ್ಣಿಗೆ ಕಾಣದಂತೆ ಹರಡಿರುತ್ತದೆ. ಯಾರಾದರೂ ಫೋನಿನಲ್ಲಿ ಸ್ಕ್ರೀನಿನ ಫೋಟೋ ತೆಗೆದರೆ ಆ ಫೋಟೋದಿಂದ ಸಂಖ್ಯೆ ಹೊರತೆಗೆಯಬಹುದು. ಗ್ರಾಹಕರ ಮಾಹಿತಿ ಕಾಯುವುದು ನಮ್ಮ ಹೊಣೆ. ಅದರ ಬಗ್ಗೆ ನನ್ನ ತಕರಾರಿರಲಿಲ್ಲ. ನಾನು ಕೇಳಿದ್ದು ಒಂದೇ: ಇದನ್ನು ಹುಡುಗರಿಗೆ ಹೇಳುತ್ತೇವೆಯೇ?

‘ಹೇಳಿದ ಮೇಲೆ ಏನು ಉಪಯೋಗ? ಕಳ್ಳನಿಗೆ ಕ್ಯಾಮೆರಾ ಎಲ್ಲಿದೆ ಅಂತ ಹೇಳಿಕೊಡ್ತಾರಾ?’ ಎಂದರು ಭದ್ರತೆಯ ವಿಭಾಗದವರು.

ಹೇಳಿಕೊಡುತ್ತಾರೆ ಎಂದೆ. ‘ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ’ ಎಂದು ಅಂಗಡಿಗಳಲ್ಲಿ ಬೋರ್ಡ್ ಹಾಕಿರುತ್ತಾರೆ. ನಮ್ಮ ನೋಟುಗಳಲ್ಲಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಗಾಂಧೀಜಿ ಇದ್ದಾರೆ, ಓರೆಯಾಗಿ ನೋಡಿದರೆ ಮಾತ್ರ ಕಾಣುವ ಅಂಕಿ ಇದೆ. ರಿಸರ್ವ್ ಬ್ಯಾಂಕ್ ಅವನ್ನು ಅಡಗಿಸಿಟ್ಟಿದೆ, ಎಲ್ಲಿ ಅಡಗಿಸಿದ್ದೇನೆ ಎಂದು ಜಾಹೀರಾತನ್ನೂ ಕೊಡುತ್ತದೆ. ಗುರುತು ಕಾಣದಿರುವುದು ಬೇರೆ, ಗುರುತಿದೆ ಎಂಬುದೇ ತಿಳಿಯದಿರುವುದು ಬೇರೆ. ಮೊದಲನೆಯದು ಕಾವಲು, ಎರಡನೆಯದು ಬಲೆ ಬೀಸಿ ಕೂರುವುದು. ಹೇಳಿದರೆ ಫೋಟೋ ತೆಗೆಯುವ ಮುನ್ನ ಹತ್ತು ಸಲ ಯೋಚಿಸುತ್ತಾರೆ, ನಮಗೆ ಬೇಕಾದದ್ದೂ ಅದೇ ಅಲ್ಲವೇ ಎಂದು ವಾದಿಸಿದೆ. ಕೊನೆಗೆ ಆದದ್ದು ಇಷ್ಟು: ಯಾರೂ ಓದದೆ ‘ಒಪ್ಪಿದ್ದೇನೆ’ ಎಂದು ಒತ್ತುವ ಉದ್ದನೆಯ ನಿಯಮಾವಳಿಯಲ್ಲಿ ಒಂದು ವಾಕ್ಯ ಸೇರಿತು. ಕಾನೂನಿನ ದೃಷ್ಟಿಯಲ್ಲಿ ಎಲ್ಲರಿಗೂ ತಿಳಿಸಿದಂತಾಯಿತು.

ನನ್ನ ತಂಡಕ್ಕೆ ಸೋಮವಾರದ ಮೀಟಿಂಗಿನಲ್ಲಿ ಬಾಯಿ ಬಿಟ್ಟು ಹೇಳಿದೆ. ಯಾರೂ ಹೆಚ್ಚೇನೂ ಮಾತಾಡಲಿಲ್ಲ. ಆಮೇಲೆ ಕಲಬುರಗಿ ಕಡೆಯ ಹುಡುಗಿಯೊಬ್ಬಳು, ಸೇರಿ ಒಂದು ವರ್ಷವೂ ಆಗಿರಲಿಲ್ಲ, ಬಂದು ಕೇಳಿದಳು: ‘ಸರ್, ನಾ ಮನಿಯಿಂದ ಕೆಲಸ ಮಾಡೂ ಮುಂದ ಅವ್ವಗ ವಿಡಿಯೋ ಕಾಲ್ ಮಾಡ್ತೀನ್ರಿ. ಹಿಂದ ಲ್ಯಾಪ್‌ಟಾಪ್ ಕಾಣ್ತಿರತದ. ಅದ್ರಾಗೂ ನನ್ನ ನಂಬರ್ ಹೋಗತದೇನ್ರಿ?’

ಹೋಗಬಹುದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹೇಳಿದ್ದು ಛಲೋ ಆತ್ರಿ ಸರ್, ಇನ್ನ ಲ್ಯಾಪ್‌ಟಾಪ್ ಮುಚ್ಚಿ ಮಾತಾಡ್ತೀನಿ’ ಎಂದು ಹೋದಳು. ಅವಳು ಕೇಳಿದ್ದರಲ್ಲಿ ಭಯವೂ ಇರಲಿಲ್ಲ, ದೂರೂ ಇರಲಿಲ್ಲ. ತನ್ನ ಮೇಲೆ ಏನು ಬರೆದಿದ್ದಾರೆ, ಅದು ಎಲ್ಲಿಯವರೆಗೆ ಹೋಗುತ್ತದೆ ಎಂದು ತಿಳಿದುಕೊಂಡಳು, ತಿಳಿದಮೇಲೆ ತಾನೇನು ಮಾಡಬೇಕು ಎಂದು ತಾನೇ ನಿರ್ಧರಿಸಿದಳು. ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ಇರುವ ವ್ಯತ್ಯಾಸ ಇದೇ. ಸಂಖ್ಯೆ ಹೊರುವುದು ತಪ್ಪ­ಲಿಲ್ಲ, ಆದರೆ ಲ್ಯಾಪ್‌ಟಾಪ್ ಮುಚ್ಚುವುದು ಅವಳ ಕೈಯಲ್ಲಿ ಉಳಿಯಿತು.

ನನ್ನ ಪ್ರಶ್ನೆಗೆ ಬರಬಹುದಾದ ಗಟ್ಟಿ ಆಕ್ಷೇಪ ಒಂದಿದೆ. ಹೊತ್ತವರಿಗೆ ಗೊತ್ತಿಲ್ಲದಿರುವುದೇ ಅವರಿಗೆ ಕ್ಷೇಮ. ಗುಲಾಮನಿಗೆ ಸಂದೇಶ ತಿಳಿದಿದ್ದರೆ, ಕಾವಲುಗಾರರು ಹಿಡಿದು ಹೊಡೆದಾಗ ಬಾಯಿಬಿಡುತ್ತಿದ್ದ. ಏನೂ ತಿಳಿಯದಿದ್ದುದರಿಂದ ನಿರಾಳವಾಗಿ ನಡೆದುಹೋದ. ಕೇಳಲು ಸರಿ ಎನ್ನಿಸುತ್ತದೆ. ಆದರೆ ಸ್ವಲ್ಪ ನಿಂತು ನೋಡಿದರೆ, ಆ ಅಜ್ಞಾನ ಕಾಪಾಡಿದ್ದು ಗುಟ್ಟನ್ನು, ಗುಲಾಮನನ್ನಲ್ಲ. ಕಾವಲುಗಾರರು ತಲೆ ಬೋಳಿಸಿ ನೋಡಿದ್ದರೆ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತಿಗೆ ಅವರು ಬಿಟ್ಟುಬಿಡುತ್ತಿದ್ದರೇ? ಅಪಾಯ ಪೂರ್ತಿ ಅವನ ತಲೆಯ ಮೇಲಿತ್ತು. ‘ಒಲ್ಲೆ’ ಎನ್ನುವ ಅವಕಾಶ ಮಾತ್ರ ಅವನಿಗಿರಲಿಲ್ಲ. ಗುಲಾಮನಿಗೆ ಅದು ಹೇಗೂ ಇರುವುದಿಲ್ಲ. ನಮ್ಮ ನಡುವಿನವರನ್ನು ಆ ಸ್ಥಿತಿಗೆ ತರಬಾರದು ಎಂಬುದಷ್ಟೇ ನನ್ನ ಮಾತು.

ಆಕ್ಷೇಪ ಇಷ್ಟಕ್ಕೇ ಬಗೆಹರಿಯುವುದಿಲ್ಲ ಎಂದು ನನಗೂ ಗೊತ್ತು. ಹೊಡೆಸಿಕೊಳ್ಳುವ ಆ ಹೆಂಡತಿ ತನ್ನ ಸಂದೇಶವನ್ನು ಇಟ್ಟದ್ದು ಮಗುವಿನ ಫೋಟೋದಲ್ಲಿ. ಆ ಮಗುವಿಗೆ ಗೊತ್ತೇ? ಗೊತ್ತಿಲ್ಲ. ಹೇಳುವಂತೆಯೂ ಇಲ್ಲ, ಐದು ವರ್ಷದ ಮಗು ಅಪ್ಪನೆದುರು ಹೇಳಿಬಿಡಬಹುದು. ಹಾಗೆಂದು ಆಕೆಯನ್ನು ತಡೆಯುವ ಧೈರ್ಯ ನನಗಿಲ್ಲ, ತಡೆಯಬಾರದು ಕೂಡ. ವಿದುರ ತನ್ನ ಗುಟ್ಟನ್ನು ಬೇರೆ ಯಾರ ತಲೆಯ ಮೇಲೂ ಬರೆಯಲಿಲ್ಲ, ತನ್ನ ಬಾಯಿಂದಲೇ ಹೇಳಿದ, ಸಿಕ್ಕಿಬಿದ್ದರೆ ತಾನೇ ಬೀಳುತ್ತಿದ್ದ. ಅದಕ್ಕೇ ಅವನದು ಶುದ್ಧವಾಗಿ ಕಾಣುತ್ತದೆ. ಎಲ್ಲರಿಗೂ ಆ ಅನುಕೂಲ ಇರುವುದಿಲ್ಲ.

ವಿದುರನ ಮಾತಿನ ಕಥೆ ಕೂಡ ಅವನ ಬಾಯಿಗೇ ಮುಗಿಯಲಿಲ್ಲ. ಅರಗಿನ ಮನೆಗೆ ಬೆಂಕಿ ಬಿದ್ದ ರಾತ್ರಿ ಕುಂತಿ ಅನ್ನದಾನ ಮಾಡಿದ್ದಳು. ಊಟಕ್ಕೆ ಬಂದವರಲ್ಲಿ ಒಬ್ಬ ನಿಷಾದ ಹೆಂಗಸು ತನ್ನ ಐದು ಮಕ್ಕಳೊಡನೆ, ಕುಡಿದ ಅಮಲಿನಲ್ಲಿ, ಅಲ್ಲೇ ಮಲಗಿಬಿಟ್ಟಳು. ಪಾಂಡವರು ತಾವೇ ಬೆಂಕಿಯಿಟ್ಟು ಸುರಂಗದಿಂದ ಹೊರಬಿದ್ದರು. ಬೆಳಗ್ಗೆ ಜನ ಬೂದಿ ಕೆದಕಿದಾಗ ಒಂದು ಹೆಂಗಸಿನ, ಐದು ಗಂಡಸರ ಸುಟ್ಟ ದೇಹಗಳು ಸಿಕ್ಕವು. ಕುಂತಿಯೂ ಪಾಂಡವರೂ ಸತ್ತರು ಎಂಬ ಸಂದೇಶ ಹಸ್ತಿನಾವತಿಗೆ ಹೋಯಿತು. ಆ ಸಂದೇಶವನ್ನು ಹೊತ್ತದ್ದು ಆ ಆರು ದೇಹಗಳು. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ನಮಗೆ ಸುರಂಗವಷ್ಟೇ ನೆನಪಿನಲ್ಲಿ ಉಳಿಯಿತು. ಆ ಹೆಂಗಸಿಗೂ ಮಹಾಭಾರತ ಹೆಸರು ಕೊಟ್ಟಿಲ್ಲ.

ಹೊತ್ತವರಿಗೆ ಮೊದಲೇ ಹೇಳಲು ಸಾಧ್ಯವಿದ್ದಲ್ಲಿ ಹೇಳಲೇಬೇಕು. ಆಫೀಸಿರಲಿ, ಸರ್ಕಾರವಿರಲಿ, ಪ್ರಿಂಟರ್ ಮಾಡುವ ಕಂಪನಿಯಿರಲಿ, ಜೈಲಿನಲ್ಲಿಲ್ಲದವರಿಗೆ ಹೇಳದಿರಲು ನೆಪವಿಲ್ಲ. ಇದು ನನಗೆ ಸ್ಪಷ್ಟವಾಗಿದೆ. ಜೈಲಿನಲ್ಲಿರುವವರಿಗೆ ಕೆಲವೊಮ್ಮೆ ಹೇಳಲಾಗುವುದಿಲ್ಲ. ಅಲ್ಲಿ ಗೊತ್ತಿಲ್ಲದೆ ಹೊತ್ತವರದೊಂದು ಋಣ ಉಳಿಯುತ್ತದೆ. ಕೆಲಸ ಒಳ್ಳೆಯದಿತ್ತು ಎಂಬ ಕಾರಣಕ್ಕೆ ಆ ಋಣ ಹರಿಯುವುದಿಲ್ಲ. ಆ ಹೆಂಗಸು ಪಾರಾಗಿ ತವರು ಸೇರಿ, ಮಗು ದೊಡ್ಡದಾದ ಮೇಲೆ ಒಂದು ದಿನ ಆ ಫೋಟೋ ತೆಗೆದು ತೋರಿಸಿ ‘ಇದರೊಳಗೆ ಏನಿತ್ತು ಗೊತ್ತಾ ಮಗಾ?’ ಎಂದು ಹೇಳಬಹುದು. ಅವಳ ಋಣ ಹಾಗೆ ತೀರುತ್ತದೆ. ನಿಷಾದ ಹೆಂಗಸಿನದು ತೀರುವ ದಾರಿ ಕಥೆಯಲ್ಲಿಲ್ಲ. ಕಾಡಿನಲ್ಲಿ ನಕ್ಷತ್ರ ನೋಡಿಕೊಂಡು ನಡೆದ ಆರು ಜನರಲ್ಲಿ ಒಬ್ಬರಾದರೂ ಅವಳನ್ನು ನೆನೆದರೋ ಎಂದು ನಾನು ಹುಡುಕುತ್ತಲೇ ಇದ್ದೇನೆ.